ಘಾಟಿ ಏರದ ಡೀಸೆಲ್ ವಾಹನ: ಇಂಧನ ಒತ್ತಡದ ಸೆನ್ಸರ್ ಪರೀಕ್ಷಿಸುವುದು, ಬದಲಾಯಿಸುವುದು

ಸುಬ್ರಹ್ಮಣ್ಯದಿಂದ ಹಾಸನಕ್ಕೆ ಮರಳುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಶುರುವಾಗುತ್ತಿದ್ದಂತೆ ನಮ್ಮ ವಾಹನದ ಎಂಜಿನ್ ಸೋಲತೊಡಗಿತು. ಏಳು ಸೀಟಿನ ಡೀಸೆಲ್ ವಾಹನ, ಏಳೂ ಸೀಟು ಭರ್ತಿ, ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು. ಆಕ್ಸಿಲರೇಟರನ್ನು ನೆಲ ಮುಟ್ಟುವಂತೆ ಒತ್ತಿದರೂ ಎರಡನೆಯ ಗೇರಿನಲ್ಲಿ ವೇಗ 25 ಕಿಲೋಮೀಟರ್ ದಾಟಲಿಲ್ಲ. ಹಿಂದೆ ಮಂಗಳೂರಿನ ಕಡೆಯಿಂದ ಬಂದ ಟ್ಯಾಂಕರುಗಳ ಸಾಲು, ಬದಿಯಲ್ಲಿ ಕಂದರ. ಮಾರನಹಳ್ಳಿ ಹತ್ತಿರವಾಗುವ ಹೊತ್ತಿಗೆ ಎಂಜಿನ್ ದೀಪವೂ ಹೊತ್ತಿಕೊಂಡಿತು. ಜಾಗ ಸಿಕ್ಕ ಕಡೆ ನಿಲ್ಲಿಸಿ, ಆರಿಸಿ, ಕಾಲು ಗಂಟೆ ಬಿಟ್ಟು ಹೊರಟರೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತಿತ್ತು, ಮತ್ತೆ ಅದೇ ಕಥೆ. ಹಾಗೆ ಮೂರು ಸಲ ನಿಂತು ನಿಂತು ಸಕಲೇಶಪುರ ಸೇರಿದೆವು.

ಊರಿಗೆ ಬಂದ ಮೇಲೆ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಎರಡು ದಿನ ಸರಿಯಾದಂತೆ ಕಂಡಿತು. ಮೂರನೆಯ ದಿನ ಬೆಳಿಗ್ಗೆ ಸೆಲ್ಫ್ ಎಂಟು ಹತ್ತು ಸೆಕೆಂಡು ತಿರುಗಿದರೂ ಎಂಜಿನ್ ಹಿಡಿಯಲಿಲ್ಲ. ಇನ್ನೊಂದು ಕಡೆ ತೋರಿಸಿದಾಗ ಹೈ ಪ್ರೆಶರ್ ಪಂಪ್ ಹೋಗಿದೆ, ಬದಲಾಯಿಸಲೇಬೇಕು ಎಂದರು. ನಾನು ಒಪ್ಪಲಿಲ್ಲ. ಪಂಪ್ ಕೆಟ್ಟಿದೆ ಎನ್ನಲು ಅವರ ಬಳಿ ಒಂದೇ ಒಂದು ಅಳತೆಯೂ ಇರಲಿಲ್ಲ. ಕೊನೆಗೆ ಕೆಟ್ಟಿದ್ದು ಪಂಪಿನ ಬೆಲೆಯ ಹತ್ತರಲ್ಲಿ ಒಂದು ಭಾಗ ಬೆಲೆಯ, ಹೆಬ್ಬೆರಳಿಗಿಂತ ತುಸು ದಪ್ಪದ ಒಂದು ಸೆನ್ಸರ್ ಎಂದು ತಿಳಿಯಿತು.

ಆ ಸೆನ್ಸರನ್ನು ಬಿಚ್ಚಿ ಹಾಕುವುದು ಒಂದು ಗಂಟೆಯ ಕೆಲಸ. ಅದೇ ಕೆಟ್ಟಿದೆ ಎಂದು ಖಚಿತ ಮಾಡಿಕೊಳ್ಳುವುದಕ್ಕೆ ಎರಡು ದಿನ ಹಿಡಿಯಿತು. ಈ ಕೈಪಿಡಿಯಲ್ಲಿಯೂ ಬಹುಪಾಲು ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಸೆನ್ಸರ್ ಮಾಡುವ ಕೆಲಸ

ಇಂದಿನ ಡೀಸೆಲ್ ವಾಹನಗಳು ಬಹುತೇಕ ಕಾಮನ್ ರೈಲ್ ವ್ಯವಸ್ಥೆಯವು. ಟ್ಯಾಂಕಿನ ಡೀಸೆಲ್ ಫಿಲ್ಟರ್ ಹಾದು ಹೈ ಪ್ರೆಶರ್ ಪಂಪಿಗೆ ಬರುತ್ತದೆ. ಪಂಪ್ ಅದನ್ನು ರೈಲ್ ಎಂಬ ದಪ್ಪ ಉಕ್ಕಿನ ಕೊಳವೆಯೊಳಗೆ ತುಂಬುತ್ತದೆ. ರೈಲಿನಿಂದ, ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಒಂದೊಂದು ಇಂಜೆಕ್ಟರಿಗೆ ಒಂದೊಂದು ಉಕ್ಕಿನ ಪೈಪು ಹೋಗುತ್ತದೆ. ಎಂಜಿನ್ ಸುಮ್ಮನೆ ಓಡುತ್ತಿರುವಾಗ ರೈಲಿನ ಒತ್ತಡ ಸಾಮಾನ್ಯವಾಗಿ 250ರಿಂದ 350 ಬಾರ್. ಭಾರ ಹೊತ್ತು ಏರು ಹತ್ತುವಾಗ 1400, 1600, ಕೆಲವು ಎಂಜಿನ್ನುಗಳಲ್ಲಿ 2000 ಬಾರ್‌ವರೆಗೂ ಹೋಗುತ್ತದೆ. ನಿಮ್ಮ ಕಾರಿನ ಟೈರಿಗೆ ತುಂಬುವ 33 ಪಿಎಸ್‌ಐ ಗಾಳಿ ಎಂದರೆ ಸುಮಾರು 2.3 ಬಾರ್. 1600 ಬಾರ್ ಅದರ ಏಳುನೂರು ಪಟ್ಟು. ಈ ಹೋಲಿಕೆಯನ್ನು ಸುರಕ್ಷತೆಯ ಮಾತು ಬರುವವರೆಗೆ ನೆನಪಿನಲ್ಲಿಡಿ.

ಸೆನ್ಸರ್ ಈ ರೈಲಿನ ಒಂದು ತುದಿಯಲ್ಲಿ, ಇಲ್ಲವೇ ನಡುವೆ ಮರೆ (ಸ್ಕ್ರೂವಿನಂಥ ಸುತ್ತು) ತಿರುಗಿಸಿ ಕೂತಿರುತ್ತದೆ. ಒಳಗೆ ಒಂದು ತೆಳ್ಳನೆಯ ಉಕ್ಕಿನ ಪೊರೆ. ಡೀಸೆಲ್ ಒತ್ತಿದಷ್ಟೂ ಪೊರೆ ಬಾಗುತ್ತದೆ, ಬಾಗಿದಷ್ಟೂ ಅದರ ಮೇಲಿನ ರೋಧಕಗಳ ರೋಧ ಬದಲಾಗುತ್ತದೆ. ಅದರಿಂದ ಹುಟ್ಟುವ ಕೆಲವೇ ಮಿಲಿವೋಲ್ಟನ್ನು ಒಳಗಿನ ಪುಟ್ಟ ಸರ್ಕ್ಯೂಟ್ ಹಿಗ್ಗಿಸಿ ಹೊರಗೆ ಕಳುಹಿಸುತ್ತದೆ. ಸಾಮಾನ್ಯವಾಗಿ ಒತ್ತಡವೇ ಇಲ್ಲದಾಗ 0.5 ವೋಲ್ಟ್, ಗರಿಷ್ಠ ಒತ್ತಡದಲ್ಲಿ 4.5 ವೋಲ್ಟ್.

ನಮ್ಮ ವಾಹನದ ಸೆನ್ಸರ್ 1800 ಬಾರ್ ಮಿತಿಯದು. ನಾಲ್ಕು ವೋಲ್ಟಿಗೆ 1800 ಬಾರ್ ಎಂದರೆ ಒಂದು ವೋಲ್ಟಿಗೆ 450 ಬಾರ್, 0.1 ವೋಲ್ಟಿಗೆ 45 ಬಾರ್. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ನಿಮ್ಮ ಸೆನ್ಸರಿನ ಮಿತಿ ಬೇರೆಯಾದರೆ ಲೆಕ್ಕವೂ ಅಷ್ಟೇ ಬದಲಾಗುತ್ತದೆ.

ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ರೈಲಿನೊಳಗೆ ಏನಾಗುತ್ತಿದೆ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ. ಈ ಸೆನ್ಸರ್ ಹೇಳಿದ್ದೇ ಸತ್ಯ. ಅದು ನಿಜಕ್ಕಿಂತ ಹೆಚ್ಚು ತೋರಿಸಿದರೆ ಇಸಿಯು ಒತ್ತಡವನ್ನು ಇಳಿಸುತ್ತದೆ, ಎಂಜಿನ್ನಿಗೆ ಹೊಟ್ಟೆಗೆ ಸಾಲದಾಗುತ್ತದೆ. ಕಡಿಮೆ ತೋರಿಸಿದರೆ ಇಸಿಯು ಒತ್ತಡವನ್ನು ಏರಿಸುತ್ತದೆ, ಎಂಜಿನ್ ಒರಟಾಗಿ ಬಡಿದುಕೊಳ್ಳುತ್ತದೆ.

ಇಲ್ಲಿಯೇ ಹಲವರು ದಾರಿ ತಪ್ಪುವುದು. ಇಸಿಯುವಿನ ಮಾಹಿತಿ ತೋರಿಸುವ ಸ್ಕ್ಯಾನರ್ ಹಚ್ಚಿ ಓಡಿಸಿದಾಗ 'ಬೇಕಾದ ಒತ್ತಡ 1200, ಇರುವ ಒತ್ತಡ 1195' ಎಂದು ತೋರಿಸಿದರೆ ಒತ್ತಡ ಸರಿ ಇದೆ ಎಂದುಕೊಳ್ಳುತ್ತೇವೆ. ಆದರೆ 'ಇರುವ ಒತ್ತಡ' ಎಂಬ ಆ ಸಂಖ್ಯೆ ಬಂದಿರುವುದು ಇದೇ ಸೆನ್ಸರಿನಿಂದ. ಸೆನ್ಸರ್ 200 ಬಾರ್ ಹೆಚ್ಚು ಹೇಳುತ್ತಿದ್ದರೆ ರೈಲಿನಲ್ಲಿ ನಿಜವಾಗಿ ಇರುವುದು ಸಾವಿರದ ಒಳಗೆ. ಎರಡು ಸಂಖ್ಯೆ ಹೊಂದಿಕೊಂಡಿವೆ ಎಂಬ ಕಾರಣಕ್ಕೆ ಸೆನ್ಸರನ್ನು ಅನುಮಾನದಿಂದ ಬಿಡಬೇಡಿ. ನಮ್ಮ ಗಾಡಿಯಲ್ಲಿ ಪಂಪಿನ ಮೇಲೆ ಆರೋಪ ಬಂದದ್ದು ಹೀಗೆಯೇ: 'ಒತ್ತಡ ಸರಿ ತೋರಿಸುತ್ತಿದೆ, ಆದರೂ ಎಳೆಯುತ್ತಿಲ್ಲ, ಹಾಗಾದರೆ ಪಂಪ್.'

ಕೋಡ್ ಓದುವಾಗ

ಇಸಿಯು ದಾಖಲಿಸಿಟ್ಟ ದೋಷದ ಕೋಡುಗಳನ್ನು ಓದಲು ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಒಬಿಡಿ ಕಿಂಡಿ ಇರುತ್ತದೆ. ಇಎಲ್‌ಎಂ 327 ಬಗೆಯ ಚಿಕ್ಕ ಬ್ಲೂಟೂತ್ ಸಾಧನವನ್ನು ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಓದಬಹುದು. ತೀರಾ ಅಗ್ಗದ ಕೆಲವು ಸಾಧನಗಳು ರೈಲ್ ಒತ್ತಡವನ್ನು ತೋರಿಸುವುದಿಲ್ಲ. ಕೊಳ್ಳುವ ಮೊದಲು ಯಾರಿಂದಾದರೂ ಎರವಲು ತಂದು ನಿಮ್ಮ ಗಾಡಿಯಲ್ಲಿ ನೋಡಿ.

ಈ ಸೆನ್ಸರಿಗೆ ಸಂಬಂಧಿಸಿದ ಕೋಡುಗಳು ಪಿ0190ರಿಂದ ಪಿ0194. ಪಿ0190 ಎಂದರೆ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ, ಪಿ0191 ಎಂದರೆ ಸಂಕೇತ ಬರುತ್ತಿದೆ ಆದರೆ ನಂಬುವಂತಿಲ್ಲ, ಪಿ0192 ಎಂದರೆ ವೋಲ್ಟೇಜ್ ತೀರಾ ಕಡಿಮೆ, ಪಿ0193 ಎಂದರೆ ತೀರಾ ಹೆಚ್ಚು, ಪಿ0194 ಎಂದರೆ ಆಗಾಗ ಕಡಿದುಹೋಗುತ್ತಿದೆ. ಪಿ0087 ಮತ್ತು ಪಿ0088 ಬೇರೆಯವು. ಅವು ರೈಲಿನ ಒತ್ತಡವೇ ಕಡಿಮೆ ಅಥವಾ ಹೆಚ್ಚಾಗಿದೆ ಎನ್ನುತ್ತವೆ.

ಪಿ0192 ಬಂದ ತಕ್ಷಣ ಸೆನ್ಸರ್ ಕೊಳ್ಳಲು ಓಡುವವರನ್ನು ನಾನು ನೋಡಿದ್ದೇನೆ. ಕೋಡ್ ಹೆಸರಿಸುವುದು ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ಎರಡು ಮೂರು ಮೀಟರ್ ವೈರು ಇದೆ, ಇಸಿಯು ಇದೆ. ಕೋಡ್ ಅಳಿಸುವ ಮೊದಲು ಅದರ ಜೊತೆಗೆ ಉಳಿದಿರುವ ಆ ಕ್ಷಣದ ದಾಖಲೆಯನ್ನು ಬರೆದಿಟ್ಟುಕೊಳ್ಳಿ: ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಆರ್‌ಪಿಎಂ, ಎಷ್ಟು ವೇಗ. ನಮ್ಮದರಲ್ಲಿ ಇದ್ದದ್ದು ಪಿ0191, ಕೂಲೆಂಟ್ 96 ಡಿಗ್ರಿ, 2300 ಆರ್‌ಪಿಎಂ. ಬಿಸಿಯಾದ ಮೇಲೆ ಹೆಚ್ಚುವ ದೋಷ ಎಂಬ ಸುಳಿವು ಸಿಕ್ಕಿದ್ದು ಅಲ್ಲಿಂದ. ನಿಂತು ತಣ್ಣಗಾದಾಗಲೆಲ್ಲ ಗಾಡಿ ಸ್ವಲ್ಪ ದೂರ ಎಳೆದದ್ದಕ್ಕೂ ಅದು ಹೊಂದಿಕೊಂಡಿತು.

ಬೆಳಗಿನ ಸೊನ್ನೆ

ಇಡೀ ತಪಾಸಣೆಯಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ರಾತ್ರಿಯಿಡೀ ನಿಂತ ವಾಹನದ ರೈಲಿನಲ್ಲಿ ಒತ್ತಡ ಇರಲು ಸಾಧ್ಯವೇ ಇಲ್ಲ. ಎಂಜಿನ್ ಆರಿಸಿದ ಕೆಲವೇ ನಿಮಿಷಗಳಲ್ಲಿ ಇಂಜೆಕ್ಟರುಗಳ ಸಂದುಗಳಿಂದ ಅದು ಸೋರಿ ಇಳಿದಿರುತ್ತದೆ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡದೆ ಕೀಲಿಯನ್ನು 'ಆನ್' ವರೆಗೆ ಮಾತ್ರ ತಿರುಗಿಸಿ ಸ್ಕ್ಯಾನರಿನಲ್ಲಿ ರೈಲ್ ಒತ್ತಡ ನೋಡಿ. ಸೊನ್ನೆ, ಅಥವಾ ಸೊನ್ನೆಯ ಆಸುಪಾಸಿನ ನಾಲ್ಕೈದು ಬಾರ್ ತೋರಿಸಬೇಕು.

ನಮ್ಮದು 108 ಬಾರ್ ತೋರಿಸಿತು.

ರೈಲಿನಲ್ಲಿ ಏನೂ ಇಲ್ಲದಾಗಲೂ 108 ಎನ್ನುವ ಸೆನ್ಸರ್ ಎಲ್ಲ ಒತ್ತಡಕ್ಕೂ 108 ಸೇರಿಸಿಯೇ ಹೇಳುತ್ತಿರುತ್ತದೆ. ಸ್ಟಾರ್ಟ್ ಆಗದಿದ್ದುದರ ಕಾರಣ ಅಲ್ಲಿಯೇ ತಿಳಿಯಿತು. ಸೆಲ್ಫ್ ತಿರುಗುವಾಗ ರೈಲಿನಲ್ಲಿ ಸುಮಾರು 150ರಿಂದ 200 ಬಾರ್ ಆಗುವವರೆಗೆ ಇಸಿಯು ಇಂಜೆಕ್ಟರುಗಳನ್ನು ತೆರೆಯುವುದಿಲ್ಲ. ಸೆನ್ಸರ್ 200 ಎಂದು ಹೇಳಿದ ಕ್ಷಣದಲ್ಲಿ ನಿಜವಾಗಿ ಇದ್ದದ್ದು 92. ಅಷ್ಟು ಸೊರಗಿದ ಒತ್ತಡದಲ್ಲಿ ಡೀಸೆಲ್ ಮಂಜಿನಂತೆ ಸಿಡಿಯುವುದಿಲ್ಲ, ಹನಿ ಹನಿಯಾಗಿ ಬೀಳುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಅದೇ ದಿನ ಮಧ್ಯಾಹ್ನ ಮುಕ್ಕಾಲು ಗಂಟೆ ಓಡಿಸಿ, ಎಂಜಿನ್ ಆರಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕೀಲಿ ತಿರುಗಿಸಿ ನೋಡಿದೆ. 210 ಬಾರ್. ಬಿಸಿಗೆ ಸುಳ್ಳು ಬಹುತೇಕ ಇಮ್ಮಡಿಯಾಗಿತ್ತು. ಘಾಟಿಯಲ್ಲಿ ಆದದ್ದೇನು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಆದರೂ ಸೆನ್ಸರ್ ಕೊಳ್ಳುವ ಹೊತ್ತು ಇನ್ನೂ ಬಂದಿರಲಿಲ್ಲ.

ಮೂರು ವೈರುಗಳ ವಿಚಾರಣೆ

ಸೆನ್ಸರಿಗೆ ಮೂರು ವೈರು. ಒಂದರಲ್ಲಿ ಇಸಿಯುವಿನಿಂದ 5 ವೋಲ್ಟ್ ಬರುತ್ತದೆ, ಒಂದು ಸೆನ್ಸರಿನ ಅರ್ತ್, ಮತ್ತೊಂದು ಸಂಕೇತ ಹೊತ್ತೊಯ್ಯುವ ವೈರು. ಯಾವ ಬಣ್ಣ ಯಾವುದು ಎನ್ನುವುದು ವಾಹನದಿಂದ ವಾಹನಕ್ಕೆ ಬೇರೆ. ವೈರಿಂಗ್ ನಕ್ಷೆ ಸಿಗದಿದ್ದರೆ ಮಲ್ಟಿಮೀಟರಿನಿಂದಲೇ ಗುರುತಿಸಬಹುದು.

ಈ ಕೆಲಸಕ್ಕೆ ಡಿಜಿಟಲ್ ಮಲ್ಟಿಮೀಟರ್ ಮಾತ್ರ ಬಳಸಿ. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಇಸಿಯುವಿನ ವೈರುಗಳಿಗೆ ತಾಗಿಸಲೇಬಾರದು. ಅದು ಎಳೆಯುವ ಕರೆಂಟಿಗೆ ಇಸಿಯು ಹಾಳಾಗಬಹುದು. ಬ್ಯಾಟರಿಯ 12 ವೋಲ್ಟನ್ನು ಈ ಮೂರರಲ್ಲಿ ಯಾವುದಕ್ಕೂ ಕೊಡಬೇಡಿ.

ಕನೆಕ್ಟರ್ ಸಿಕ್ಕಿಸಿದಂತೆಯೇ ಇರುವಾಗ ಅಳೆಯುವುದು ಒಳ್ಳೆಯದು. ಕನೆಕ್ಟರಿನ ಹಿಂಭಾಗದಲ್ಲಿ ವೈರು ಒಳಹೋಗುವ ರಬ್ಬರಿನ ಪಕ್ಕದಿಂದ ಒಂದು ತೆಳ್ಳನೆಯ ಗುಂಡುಸೂಜಿಯನ್ನು, ವೈರಿಗೆ ಒತ್ತಿಕೊಂಡು, ಒಳಗಿನ ಲೋಹ ತಾಗುವವರೆಗೆ ಮೆಲ್ಲಗೆ ಇಳಿಸಿ. ಸೂಜಿಗೆ ಮೀಟರಿನ ಮೊನೆ ಹಿಡಿಯಿರಿ. ಎರಡು ಸೂಜಿಗಳು ಒಂದಕ್ಕೊಂದು ತಾಗದಂತೆ ನಡುವೆ ಕಾಗದದ ಚೂರು ಇಡಿ. ವೈರಿನ ಪ್ಲಾಸ್ಟಿಕ್ಕನ್ನೇ ಚುಚ್ಚಿ ಅಳೆಯುವ ಅಭ್ಯಾಸ ಗ್ಯಾರೇಜುಗಳಲ್ಲಿ ಬೇಕಾದಷ್ಟಿದೆ. ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ತೂತಿನಿಂದ ನೀರು ಇಳಿದು ತಾಮ್ರ ಹಸಿರಾಗಿ ಪುಡಿಯಾಗುತ್ತದೆ. ಇಂದಿನ ಪರೀಕ್ಷೆಯೇ ಮುಂದಿನ ವರ್ಷದ ದೋಷವಾಗುತ್ತದೆ.

ಕೀಲಿ ಆನ್, ಎಂಜಿನ್ ಆಫ್. ಮೀಟರಿನ ಕಪ್ಪು ವೈರು ಬ್ಯಾಟರಿಯ ನೆಗೆಟಿವ್ ತುದಿಗೆ. ಮೊದಲು 5 ವೋಲ್ಟಿನ ವೈರು: 4.9ರಿಂದ 5.1 ಇರಬೇಕು. ನಮ್ಮಲ್ಲಿ 5.01. ಇಲ್ಲಿ ವೋಲ್ಟೇಜ್ ಕುಸಿದಿದ್ದರೆ ಸೆನ್ಸರನ್ನು ದೂರಬೇಡಿ. ಒಂದೇ 5 ವೋಲ್ಟ್ ಮೂಲವನ್ನು ಹಲವು ಎಂಜಿನ್ನುಗಳಲ್ಲಿ ಟರ್ಬೊ ಒತ್ತಡದ ಸೆನ್ಸರಿನಂಥ ಬೇರೆ ಭಾಗಗಳೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲದಕ್ಕೂ ಪೆಟ್ಟು. ಒಂದೊಂದೇ ಕನೆಕ್ಟರ್ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಾರಣ.

ಎರಡನೆಯದು ಸಂಕೇತದ ವೈರು. ತಣ್ಣಗಿನ ಎಂಜಿನ್ನಿನಲ್ಲಿ 0.5 ವೋಲ್ಟ್ ಇರಬೇಕಾದ ಕಡೆ ನಮಗೆ 0.74 ಸಿಕ್ಕಿತು. 0.24 ಹೆಚ್ಚು. ಒಂದು ವೋಲ್ಟಿಗೆ 450 ಬಾರ್ ಲೆಕ್ಕದಲ್ಲಿ ಅದು 108 ಬಾರ್. ಸ್ಕ್ಯಾನರ್ ತೋರಿಸಿದ್ದೂ 108. ಇಸಿಯು ಸರಿಯಾಗಿಯೇ ಓದುತ್ತಿದೆ, ಅದಕ್ಕೆ ಬರುತ್ತಿರುವುದೇ ತಪ್ಪು ಎಂದು ಖಚಿತವಾಯಿತು.

ಮೂರನೆಯದು ಅರ್ತ್. ದಯವಿಟ್ಟು ಇದನ್ನು ಬಿಡಬೇಡಿ. ಕನೆಕ್ಟರಿನ ಅರ್ತ್ ಪಿನ್ನಿಗೆ ಕಿಲುಬು ಹಿಡಿದಿದ್ದರೆ ಸೆನ್ಸರ್ ನಿಂತ ನೆಲವೇ ಸ್ವಲ್ಪ ಮೇಲೆದ್ದಂತೆ ಆಗುತ್ತದೆ, ಅದರಿಂದ ಹೊರಡುವ ಸಂಕೇತವೂ ಅಷ್ಟೇ ಮೇಲೇಳುತ್ತದೆ. 0.24 ವೋಲ್ಟಿನ ಈ ತಪ್ಪನ್ನು ಕೆಟ್ಟ ಅರ್ತ್ ಕೂಡ ಹುಟ್ಟಿಸಬಲ್ಲದು. ಆಗ ಹೊಸ ಸೆನ್ಸರ್ ಹಾಕಿದರೂ ಅದೇ 108. ಕೀಲಿ ಆನ್ ಇರುವಾಗ ಅರ್ತ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. 0.05 ವೋಲ್ಟಿಗಿಂತ ಕಡಿಮೆ ಇರಬೇಕು. ನಮ್ಮಲ್ಲಿ 0.02. ಅರ್ತ್ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು.

ಕೊನೆಗೆ, ಲೈವ್ ರೀಡಿಂಗ್ ನೋಡುತ್ತ ಒಬ್ಬರು ಕೂರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಉದ್ದಕ್ಕೂ ಅಲುಗಾಡಿಸುತ್ತ ಬರಲಿ. ಸಂಖ್ಯೆ ಎಲ್ಲಿ ಜಿಗಿಯುತ್ತದೋ ಅಲ್ಲಿ ವೈರು ಕಡಿದಿದೆ. ಮಳೆಗಾಲದಲ್ಲಿ ಎಂಜಿನ್ನಿನ ಬಿಸಿಗೆ ಬಂದು ಕೂರುವ ಇಲಿಗಳು ಈ ಕಟ್ಟುಗಳನ್ನು ಕಡಿಯುವುದು ನಮ್ಮ ಕಡೆ ಸಾಮಾನ್ಯ. ನಮ್ಮದರಲ್ಲಿಯೂ ಮೇಲಿನ ಟೇಪು ಕಡಿದಿದ್ದವು. ಒಳಗಿನ ಮೂರೂ ವೈರು ಉಳಿದಿದ್ದವು, ಎಷ್ಟು ಅಲುಗಾಡಿಸಿದರೂ 108 ಕದಲಲಿಲ್ಲ. ಹಳೆಯ ಟೇಪು ತೆಗೆದು ಹೊಸದಾಗಿ ಸುತ್ತಿದೆ.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಸೆನ್ಸರಿನ ಕನೆಕ್ಟರನ್ನು ಕಳಚಿ ಸ್ಟಾರ್ಟ್ ಮಾಡಿ ನೋಡುವುದು. ಕೆಲವು ಎಂಜಿನ್ನುಗಳು ಆಗ ಸೆನ್ಸರನ್ನು ಮರೆತು ಒಂದು ಅಂದಾಜಿನ ಒತ್ತಡ ಇಟ್ಟುಕೊಂಡು ಓಡುತ್ತವೆ. ನಮ್ಮದು ಎರಡೇ ಸೆಕೆಂಡಿನಲ್ಲಿ ಹಿಡಿಯಿತು; ಪಂಪ್ ಆರೋಗ್ಯವಾಗಿದೆ ಎನ್ನುವುದಕ್ಕೆ ಅದು ನನಗೆ ಸಿಕ್ಕ ದೊಡ್ಡ ಆಧಾರ. ಆದರೆ ಹಲವು ಎಂಜಿನ್ನುಗಳು ಈ ಸೆನ್ಸರ್ ಇಲ್ಲದೆ ಸ್ಟಾರ್ಟ್ ಆಗುವುದೇ ಇಲ್ಲ. ಆಗಲಿಲ್ಲ ಎಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಸ್ಟಾರ್ಟ್ ಆದರೂ ಕನೆಕ್ಟರ್ ಕಳಚಿದ ಹಾಗೆಯೇ ರಸ್ತೆಗೆ ಇಳಿಸಬೇಡಿ.

ಬೆಳಗಿನ ಸೊನ್ನೆ ಸರಿ ಇದ್ದರೆ

ಕೀಲಿ ತಿರುಗಿಸಿದಾಗ ಸೊನ್ನೆಯೇ ಬಂದು, ಏರಿನಲ್ಲಿ ಮಾತ್ರ 'ಬೇಕಾದದ್ದು 1300, ಇರುವುದು 700' ಎಂಬಂತೆ ಕಂಡರೆ ಅಥವಾ ಪಿ0087 ಬಂದರೆ, ಸೆನ್ಸರ್ ಬಹುತೇಕ ನಿಜವನ್ನೇ ಹೇಳುತ್ತಿದೆ. ಮೊದಲು ಫಿಲ್ಟರ್ ನೋಡಿ, ಅದರ ತಳದ ತಿರುಪು ಬಿಚ್ಚಿ ನೀರು ಬಸಿಯಿರಿ. ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಗಾಳಿಯ ಗುಳ್ಳೆ ಓಡುತ್ತಿದೆಯೇ ನೋಡಿ. ಆಮೇಲೆ ಇಂಜೆಕ್ಟರುಗಳ ಹಿಂದಿರುಗುವ ಡೀಸೆಲನ್ನು ನಾಲ್ಕು ಒಂದೇ ಅಳತೆಯ ಬಾಟಲಿಗಳಿಗೆ ಹಿಡಿದು ಹೋಲಿಸಬೇಕು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಇಷ್ಟೆಲ್ಲ ಆದ ಮೇಲೆ ಒತ್ತಡ ನಿಯಂತ್ರಿಸುವ ವಾಲ್ವ್, ಕಟ್ಟಕಡೆಗೆ ಪಂಪು. ಅದು ಡೀಸೆಲ್ ಪಂಪ್ ರಿಪೇರಿ ಮಾಡುವ ವಿಶೇಷ ಕಾರ್ಯಾಗಾರದ ಕೆಲಸ, ಅಂಗಳದಲ್ಲಿ ಮಾಡುವಂಥದ್ದಲ್ಲ.

ಪೆಟ್ರೋಲ್ ವಾಹನದವರಿಗೆ ಒಂದು ಮಾತು: ಸಾಧಾರಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಧನದ ಒತ್ತಡ ಮೂರು ನಾಲ್ಕು ಬಾರ್ ಮಾತ್ರ, ಹಲವದರಲ್ಲಿ ಈ ಸೆನ್ಸರೇ ಇರುವುದಿಲ್ಲ. ಇರುವ ಕಡೆ ವಿದ್ಯುತ್ ಪರೀಕ್ಷೆಯ ಕ್ರಮ ಇದೇ. ಆದರೆ ಪೆಟ್ರೋಲಿನ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ, ಮುಚ್ಚಿದ ಗ್ಯಾರೇಜಿನಲ್ಲಿ ಅದನ್ನು ಬಿಚ್ಚಬೇಡಿ.

ಬಿಚ್ಚುವ ಮುನ್ನ

ಟೈರಿನ ಏಳುನೂರು ಪಟ್ಟು ಎಂದೆನಲ್ಲ, ಆ ಒತ್ತಡದಲ್ಲಿ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಒಳಗೆ ಅಂಗಾಂಶ ಸಾಯತೊಡಗಿರುತ್ತದೆ, ತಡ ಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇದು ತುರ್ತು ಶಸ್ತ್ರಚಿಕಿತ್ಸೆ ಬೇಕಾದ ಗಾಯ. ಯಾರಿಗಾದರೂ ಹೀಗಾದರೆ ತೊಳೆದು ಪಟ್ಟಿ ಕಟ್ಟಿ ಸುಮ್ಮನಿರದೆ ನೇರ ಆಸ್ಪತ್ರೆಗೆ ಹೋಗಿ, 'ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ' ಎಂದೇ ಹೇಳಿ.

ಹಾಗಾಗಿ ಎಂಜಿನ್ ಓಡುತ್ತಿರುವಾಗ ರೈಲಿನ ಯಾವ ನಟ್ಟನ್ನೂ ಸಡಿಲಿಸಬಾರದು. ಹಳೆಯ ಕಾಲದ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರಿನ ನಟ್ಟು ಸಡಿಲಿಸಿ ಗಾಳಿ ತೆಗೆಯುತ್ತಿದ್ದ ಪದ್ಧತಿ ಇಲ್ಲಿ ಸಲ್ಲದು. ಸೋರಿಕೆಯನ್ನು ಕೈಯಿಂದ ಸವರಿ ಹುಡುಕಬಾರದು. ನಾನು ಹಿಂದಿನ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚಿದೆ. ಸೆನ್ಸರೇ ಸುಳ್ಳು ಹೇಳುತ್ತಿರುವಾಗ ಸ್ಕ್ಯಾನರಿನ ಸೊನ್ನೆಯನ್ನು ನಂಬಿ ಬಿಚ್ಚುವಂತಿಲ್ಲ ಎಂಬುದನ್ನು ಗಮನಿಸಿ. ಇಲ್ಲಿ ನಂಬಬೇಕಾದದ್ದು ಗಡಿಯಾರವನ್ನು.

ವಾಹನ ವಾರಂಟಿಯಲ್ಲಿದ್ದರೆ ಕೈ ಹಾಕಬೇಡಿ. ಸೆನ್ಸರ್ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳ) ಅಡಿಯಲ್ಲೋ ಎಂಜಿನ್ನಿನ ಹಿಂಬದಿಯಲ್ಲೋ ಹುದುಗಿದ್ದರೆ ಮತ್ತೊಮ್ಮೆ ಯೋಚಿಸಿ. ಕೆಲವು ವಾಹನಗಳಿಗೆ ಸೆನ್ಸರನ್ನು ಬಿಡಿಯಾಗಿ ಕೊಡುವುದೇ ಇಲ್ಲ, ರೈಲಿನ ಸಮೇತ ಬದಲಾಯಿಸಬೇಕಾಗುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ವಾಹನದ ಹೆಸರು ಹೇಳಿದರೆ ಸಾಲದು. ಹಳೆಯ ಸೆನ್ಸರಿನ ಮೈಮೇಲೆ ಕೆತ್ತಿರುವ ಸಂಖ್ಯೆಯ ಫೋಟೊ ತೆಗೆದುಕೊಂಡು ಹೋಗಿ, ಅದೇ ಸಂಖ್ಯೆಯದನ್ನೇ ತನ್ನಿ. ಒಂದೇ ಮರೆ, ಒಂದೇ ಕನೆಕ್ಟರ್, ಆದರೆ 1800ರ ಬದಲು 2000 ಬಾರ್ ಮಿತಿಯ ಸೆನ್ಸರ್ ಹಾಕಿದರೆ ಅದು ಮೊದಲ ದಿನದಿಂದಲೇ ತಪ್ಪು ಹೇಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಆ ಫೋಟೊ ತೋರಿಸುತ್ತ ಹೋದೆ. ಐದನೆಯ ಅಂಗಡಿಯಲ್ಲಿ ಕೊನೆಯ ಅಂಕಿಯವರೆಗೂ ಹೊಂದುವುದು ಸಿಕ್ಕಿತು.

ಬದಲಾಯಿಸುವುದು

ಬ್ಯಾಟರಿಯ ನೆಗೆಟಿವ್ ಕಳಚಿ. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.

ಈಗ ಶುಚಿ. ಇಂಜೆಕ್ಟರಿನ ಒಳಗಿನ ಸಂದುಗಳು ಮೈಕ್ರಾನ್ ಲೆಕ್ಕದವು, ಸೆನ್ಸರಿನ ಬುಡದಲ್ಲಿ ಕೂತ ಧೂಳಿನ ಒಂದು ಕಣ ರೈಲಿನೊಳಗೆ ಬಿದ್ದರೂ ಅದು ಇಂಜೆಕ್ಟರಿಗೇ ಹೋಗುತ್ತದೆ. ಹಾಸನದ ಕೆಂಪು ಮಣ್ಣು ಎಣ್ಣೆಯ ಜೊತೆ ಸೇರಿ ರೈಲಿನ ಮೇಲೆ ಪದರಗಟ್ಟಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಬ್ರೇಕ್ ಕ್ಲೀನರಿನಿಂದ ಸುತ್ತಲೂ ಉಜ್ಜಿ, ಗಾಳಿ ಹೊಡೆದು, ಮತ್ತೆ ಉಜ್ಜಿ, ಲೋಹ ಹೊಳೆಯುವವರೆಗೆ ಬಿಡಲಿಲ್ಲ. ಬಿಚ್ಚುವುದಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಹೋಯಿತು, ಹೋಗಬೇಕು ಕೂಡ.

ಕನೆಕ್ಟರಿಗೆ ಒಂದು ಚಿಕ್ಕ ಬೀಗವಿರುತ್ತದೆ. ಅದನ್ನು ಹಿಂದಕ್ಕೆ ಸರಿಸಿ, ಎದುರಿನ ನಾಲಗೆಯನ್ನು ಒತ್ತಿ ಹಿಡಿದು ಎಳೆಯಿರಿ. ಹತ್ತು ವರ್ಷದ ಬಿಸಿಗೆ ಈ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ವೈರು ಹಿಡಿದು ಜಗ್ಗಬೇಡಿ.

ಸೆನ್ಸರಿನ ಬುಡದ ಆರುಮೂಲೆಯ ಲೋಹಕ್ಕೆ ಮಾತ್ರ ಸ್ಪ್ಯಾನರ್ ಹಾಕಬೇಕು. ನಮ್ಮದಕ್ಕೆ 27ರ ಉದ್ದನೆಯ ಸಾಕೆಟ್ ಹೊಂದಿತು. ಮೇಲೆ ಒಂದು ಬಟ್ಟೆ ಹೊದಿಸಿ, ಕಾಲು ಸುತ್ತು ಸಡಿಲಿಸಿ, ನಿಲ್ಲಿಸಿ. ಬಟ್ಟೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆಯಾಯಿತು, ಅಷ್ಟೇ. ಆಮೇಲೆ ಪೂರ್ತಿ ತಿರುಗಿಸಿ ತೆಗೆದೆ.

ತೆಗೆದ ತಕ್ಷಣ ಟಾರ್ಚ್ ಬಿಟ್ಟು ರೈಲಿನ ಒಳಗಿನ ಪೀಠ ನೋಡಿ. ನಮ್ಮ ಸೆನ್ಸರಿನಲ್ಲಿ ರಬ್ಬರ್ ಇಲ್ಲ, ವಾಷರ್ ಇಲ್ಲ. ಅದರ ಚೂಪಾದ ಉಕ್ಕಿನ ಅಂಚು ರೈಲಿನ ಲೋಹವನ್ನು ಕಚ್ಚಿ ಕೂರುವುದರಿಂದಲೇ ಸೋರಿಕೆ ನಿಲ್ಲುತ್ತದೆ. ಪೀಠದ ಮೇಲೆ ಬಳೆಯಂತೆ ದುಂಡಗಿನ, ಎಲ್ಲೂ ಕಡಿಯದ ಹೊಳೆಯುವ ಗೆರೆ ಕಾಣಬೇಕು. ಅಡ್ಡ ಗೀರು ಇದ್ದರೆ ಹೊಸ ಸೆನ್ಸರೂ ಸೋರುತ್ತದೆ. ಎಳೆ ಬಿಡುವ ಹತ್ತಿ ಬಟ್ಟೆಯಿಂದ ಒಳಗೆ ಒರೆಸಬೇಡಿ. ಮರೆಗೆ ಟೆಫ್ಲಾನ್ ಟೇಪು, ಅಂಟು, ಸೀಲಂಟ್ ಯಾವುದೂ ಬೇಡ. ಅದರ ಚೂರು ಕಿತ್ತು ಇಂಜೆಕ್ಟರಿಗೆ ಹೋಗುತ್ತದೆ, ಈ ಒತ್ತಡವನ್ನು ಅದು ತಡೆಯುವುದೂ ಇಲ್ಲ.

ಹೊಸ ಸೆನ್ಸರಿನ ಮೊನೆಯ ಟೋಪಿಯನ್ನು ಕೂರಿಸುವ ಕ್ಷಣದವರೆಗೆ ತೆಗೆಯಬೇಡಿ. ಮೊದಲ ನಾಲ್ಕು ಸುತ್ತು ಬೆರಳಿನಿಂದಲೇ ತಿರುಗಬೇಕು, ಬಿಗಿಯಾದರೆ ಮರೆ ಅಡ್ಡ ಕೂತಿದೆ ಎಂದರ್ಥ, ಹಿಂದಕ್ಕೆ ತೆಗೆದು ಮತ್ತೆ ಹಾಕಿ. ಕೊನೆಯ ಬಿಗಿ ಟಾರ್ಕ್ ರೆಂಚಿನಿಂದ. ನಮ್ಮ ವಾಹನದ ಕೈಪಿಡಿ ಹೇಳಿದ್ದು 70 ನ್ಯೂಟನ್ ಮೀಟರ್. ಸಣ್ಣ ಮರೆಯ ಸೆನ್ಸರುಗಳಿಗೆ ಅದರ ಅರ್ಧದಷ್ಟೇ ಸಾಕಾಗುತ್ತದೆ. ನಿಮ್ಮ ವಾಹನದ ಕೈಪಿಡಿಯ ಸಂಖ್ಯೆಯನ್ನೇ ಹಿಡಿಯಿರಿ, ಕೈಯ ಅಂದಾಜು ಇಲ್ಲಿ ಬೇಡ. ಕಡಿಮೆಯಾದರೆ ಅಂಚು ಕಚ್ಚುವುದಿಲ್ಲ, ಹೆಚ್ಚಾದರೆ ಪೊರೆಯ ಸುತ್ತಲಿನ ಲೋಹ ಎಳೆದುಕೊಂಡು ಹೊಸ ಸೆನ್ಸರಿನ ಸೊನ್ನೆಯೇ ಸರಿಯಬಹುದು.

ಸ್ಟಾರ್ಟ್ ಮಾಡುವಾಗ ಮತ್ತು ಆಮೇಲೆ

ಬ್ಯಾಟರಿ ಜೋಡಿಸಿ ಮೊದಲು ಕೀಲಿ ಮಾತ್ರ ಆನ್ ಮಾಡಿ ಸೊನ್ನೆ ನೋಡಿದೆ. ಸಂಕೇತದ ವೈರಿನಲ್ಲಿ 0.50 ವೋಲ್ಟ್, ಸ್ಕ್ಯಾನರಿನಲ್ಲಿ 0 ಬಾರ್.

ಫಿಲ್ಟರಿನ ಬಳಿ ಕೈಯಲ್ಲಿ ಒತ್ತುವ ರಬ್ಬರ್ ಉಂಡೆ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇರುವ ಗಾಡಿಯಾದರೆ ಕೀಲಿಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿದರೆ ಸಾಕು. ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ನಮ್ಮದು ಎರಡನೆಯ ಯತ್ನದಲ್ಲಿ ಹಿಡಿಯಿತು. ಐದು ನಿಮಿಷ ಸುಮ್ಮನೆ ಓಡಿಸಿ, ದೂರದಿಂದ ಒಂದು ರಟ್ಟಿನ ತುಂಡನ್ನು ಸೆನ್ಸರಿನ ಬಳಿ ಹಿಡಿದು ಒದ್ದೆಯಾಗುತ್ತದೆಯೇ ನೋಡಿದೆ. ಆರಿಸಿ, ಹತ್ತು ನಿಮಿಷ ಕಾದು, ಬುಡವನ್ನು ಬಿಳಿ ಕಾಗದದಿಂದ ಒರೆಸಿದೆ. ಕಾಗದ ಒಣಗಿಯೇ ಇತ್ತು. ಸೋರಿಕೆ ಕಂಡರೆ ಎಂಜಿನ್ ಓಡುವಾಗ ಬಿಗಿ ಮಾಡಲು ಹೋಗಬೇಡಿ; ಆರಿಸಿ, ಒತ್ತಡ ಇಳಿದ ಮೇಲೆ ಬಿಚ್ಚಿ, ಪೀಠ ನೋಡಿ.

ಹಳೆಯ ಕೋಡನ್ನು ಅಳಿಸಿದೆ. ಕೆಲವು ವಾಹನಗಳಲ್ಲಿ ಹಳೆಯ ಸೆನ್ಸರಿಗೆ ಹೊಂದಿಕೊಂಡು ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿಗಳನ್ನು ದೊಡ್ಡ ಸ್ಕ್ಯಾನರಿನಿಂದ ಅಳಿಸಬೇಕಾಗುತ್ತದೆ. ಬದಲಾಯಿಸಿದ ಮೇಲೂ ಎಂಜಿನ್ ತುಸು ಒರಟಾಗಿ ಓಡುತ್ತಿದ್ದರೆ ಅದೊಂದನ್ನು ಮಾಡಿಸಿ.

ಮರುವಾರ ಅದೇ ಏಳು ಜನರನ್ನು ಕೂರಿಸಿಕೊಂಡು ಅದೇ ಘಾಟಿ ಹತ್ತಿದೆ. ಪಕ್ಕದಲ್ಲಿ ಕೂತ ಮಗಳು ಮೊಬೈಲಿನಲ್ಲಿ ಸಂಖ್ಯೆ ಓದುತ್ತಿದ್ದಳು: ಬೇಕಾದದ್ದು 1340, ಇರುವುದು 1335; ಬೇಕಾದದ್ದು 1410, ಇರುವುದು 1402. ಮೂರನೆಯ ಗೇರಿನಲ್ಲಿಯೇ ಮಾರನಹಳ್ಳಿ ದಾಟಿತು. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು, ಬಿಸಿ ಎಂಜಿನ್ನಿನಲ್ಲಿ ಕೀಲಿ ಮಾತ್ರ ತಿರುಗಿಸಿ ನೋಡಿದಾಗ ಮೊಬೈಲಿನಲ್ಲಿ 1 ಬಾರ್ ಇತ್ತು.